ಡೀಸೆಲ್ ಮೀಟರಿನ ಮುಳ್ಳು

ಸೋಮವಾರ, 11ನೇ ತಾರೀಖು
ನರ್ಸರಿ

ಪ್ರೀತಿಯ ತಮ್ಮನಿಗೆ,

ಅಕ್ಕನ ನೆನಪುಗಳು. ಮೂರು ವರ್ಷ ಒಂದು ಸಾಲೂ ಬರೆಯದವಳು ಈಗ ಕ್ಷೇಮ ವಿಚಾರಿಸಿದರೆ ನಿನಗೆ ನಗು ಬರಬಹುದು, ಸಿಟ್ಟೂ ಬರಬಹುದು. ಹರಿದು ಹಾಕುವುದಿದ್ದರೆ ಕೊನೆಯವರೆಗೆ ಓದಿ ಹರಿ.

ಸಸಿಗಳು ಚೆನ್ನಾಗಿವೆ. ನನ್ನ ಮಂಡಿ ಚೆನ್ನಾಗಿಲ್ಲ. ನಮ್ಮ ಹಳೆಯ ಪಿಕಪ್ ನನ್ನ ಹಾಗೆಯೇ ಗೊಣಗಿಕೊಂಡು ಓಡುತ್ತಿದೆ. ಕುಂಡಗಳನ್ನು ನಾನೇ ಹೇರಿ ನಾನೇ ಇಳಿಸುತ್ತೇನೆ. ನಿನ್ನ ಸೀಟಿನಲ್ಲಿ ಒಂದು ಗುಲಾಬಿ ಗಿಡ ಇಟ್ಟುಕೊಂಡು ಅದರ ಜೊತೆ ಮಾತಾಡುತ್ತೇನೆ. ಅದನ್ನೂ ಯಾರಾದರೂ ಕೊಂಡುಕೊಂಡರೆ ವಾಪಸು ಬರುವ ದಾರಿ ಮುಗಿಯುವುದೇ ಇಲ್ಲ.

ನಿನ್ನೆ ಡೀಸೆಲ್ ಮೀಟರ್ ರಿಪೇರಿ ಮಾಡಿಸಿದೆ. ಹೌದು, ಅದೇ ಮೀಟರ್. ಮೂರು ವರ್ಷದ ಹಿಂದೆ ಒಂದು ಸಂಜೆ ನೀನು ಟ್ಯಾಂಕ್ ತುಂಬಿಸಿಕೊಂಡು ಬಂದಿದ್ದೆ; ಮರುದಿನ ಬೆಳಿಗ್ಗೆ ಮುಳ್ಳು ಸೊನ್ನೆಯಲ್ಲಿತ್ತು. "ಡೀಸೆಲ್ ಕದ್ದು ಮಾರ್ತಿದೀಯಾ?" ಎಂದು ಗಿರಾಕಿಗಳ ಮುಂದೆಯೇ ಕೇಳಿದ್ದೆನಲ್ಲ. ನೀನು ಮನೆ ಬಿಟ್ಟು ಹೋದ ಮೇಲೂ ಮುಳ್ಳು ಮೇಲೇಳಲಿಲ್ಲ. ಇಷ್ಟು ದಿನ ಟ್ಯಾಂಕಿಗೆ ಕೋಲು ಅದ್ದಿ ಅಳೆದುಕೊಂಡೇ ಗಾಡಿ ಓಡಿಸಿದೆ.

"ಹೊಸ ಮೀಟರ್ ಹಾಕ್ಬಿಡಪ್ಪಾ" ಎಂದೆ, ಎಲೆಕ್ಟ್ರಿಷಿಯನ್‌ಗೆ.

"ತಡೀರಿ ಅಕ್ಕಾ, ಎಲ್ಲಿ ಕೆಟ್ಟಿದೆ ಅಂತ ನೋಡ್ದೇನೇ ಬದಲಾಯಿಸೋದಾ?"

ಬಾಯಿ ಮುಚ್ಚಿಕೊಂಡೆ. ಅದು ಎಷ್ಟು ಅಪರೂಪ ಎಂದು ನಿನಗೆ ಗೊತ್ತು. ಮೊದಲು ಫ್ಯೂಸ್ ನೋಡಿದ, ಸರಿಯಿತ್ತು. ಗಾಡಿಯಡಿ ಮಲಗಿ, ಮೀಟರಿಗೆ ಹೋಗುವ ವೈರನ್ನು ಟ್ಯಾಂಕಿನ ಬಳಿ ಬಿಚ್ಚಿ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಮುಟ್ಟಿಸಿ, "ಮುಳ್ಳು ನೋಡಿ!" ಎಂದು ಕೂಗಿದ. ಮುಳ್ಳು ಸರ್ರನೆ ಮೇಲೇರಿತು. ಅಂದರೆ ಮೀಟರ್ ಚೆನ್ನಾಗಿಯೇ ಇತ್ತು. ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಕೂಡ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಅರ್ಥ್ ವೈರ್. ಬೋಲ್ಟಿಗೆ ತುಕ್ಕು ಹಿಡಿದು ವೈರ್ ತಾಗುತ್ತಲೇ ಇರಲಿಲ್ಲ. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿದ. ಹತ್ತು ನಿಮಿಷದ ಕೆಲಸ.

ನೀನು ಕದ್ದಿರಲಿಲ್ಲ. ತಪ್ಪಾಯಿತು ಕಣೋ. ದೊಡ್ಡವಳೆಂಬ ಬಿಂಕ ಬಿಟ್ಟು ಕೇಳುತ್ತಿದ್ದೇನೆ, ಒಮ್ಮೆ ಬಾ. ನಿನ್ನ ಕೀ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಒಬ್ಬಳೇ ಇರಲು ಆಗುತ್ತಿಲ್ಲ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಮೇಲಿನದನ್ನು ಓದಿದರೆ ನನಗೆ ನಿಜ ಗೊತ್ತಾಗಿದ್ದು ನಿನ್ನೆಯೇ ಎನಿಸುತ್ತದೆ. ಹಾಗಲ್ಲ. ಆ ದಿನ ನೀನು, "ಅಕ್ಕಾ, ಒಂದ್ಸಲ ಕೋಲು ಅದ್ದಿ ನೋಡು, ಆಮೇಲೆ ಬೈಯಿ" ಅಂದಿದ್ದೆ. ನಾನು ನೋಡಲಿಲ್ಲ. ನೀನು ಬ್ಯಾಗು ಹಿಡಿದು ಗೇಟು ದಾಟಿದ ಮೇಲೆ, ಗಿಡಕ್ಕೆ ಆಸರೆ ಕೊಡುವ ಕೋಲೊಂದನ್ನು ಟ್ಯಾಂಕಿಗೆ ಇಳಿಸಿದೆ. ಮೇಲಿನವರೆಗೂ ಒದ್ದೆಯಾಗಿ ಬಂತು. ಗೇಟಿನಿಂದ ನೋಡಿದರೆ ನೀನು ಬಸ್ ಸ್ಟಾಪಿನಲ್ಲಿ ಕಾಣುತ್ತಿದ್ದೆ, ಕೂಗಿದರೆ ಕೇಳುವಷ್ಟು ಹತ್ತಿರ. ಬಸ್ಸು ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕೋಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕೂಗಲಿಲ್ಲ.