ಎಡಗೈ ಗಂಟು

ಅಕ್ಟೋಬರ್ 3

ಬಲೆ ಇನ್ನೂ ಮುಗಿದಿಲ್ಲ. ಜಗಲಿ ತುಂಬ ನೈಲಾನ್ ದಾರ, ಬೆಂಡು, ಸೀಸದ ಗುಂಡು. ಓಡಾಡಲು ಜಾಗವಿಲ್ಲ ಎಂದು ಇವರ ಗೊಣಗಾಟ. ಬಲೆಯೂ ಬೇಕು, ಜಗಲಿಯೂ ಬೇಕು ಎಂದರೆ ಹೇಗೆ? ಹರಿದ ಕಡೆಯೆಲ್ಲ ಹೊಸ ದಾರ ಹಾಕಿ ಎರಡೆರಡು ಗಂಟು ಬಿಗಿದಿದ್ದೇನೆ. ನಾನು ಎಡಚಿ, ಹಾಗಾಗಿ ನನ್ನ ಗಂಟು ಉಲ್ಟಾ ಕೂರುತ್ತದೆ. ಬಂದರಿನವರೆಲ್ಲ ನೋಡಿದೊಡನೆ ಗುರುತು ಹಿಡಿಯುತ್ತಾರೆ. ಬರೆಯುವುದು ಮಾತ್ರ ಬಲಗೈಯಲ್ಲಿ... ಟೀಚರ್ ಕೊಟ್ಟ ಪೆಟ್ಟಿನ ಫಲ. ಬಲೆ ಹೆಣೆಯುವುದಕ್ಕೆ ಯಾವ ಟೀಚರೂ ಇರಲಿಲ್ಲ, ಬಚಾವಾದೆ.

ಇವರು ಎಳೆದು ನೋಡಿದರು. "ನಾವು ಹೋದ್ರೂ ಇದು ಹೋಗಲ್ಲ ಬಿಡು" ಎಂದರು. ಇವರ ಬಾಯಲ್ಲಿ ಹೊಗಳಿಕೆ ಎಂದರೆ ಇಷ್ಟೇ. ಖುಷಿಯಾಯಿತು.

ಅಕ್ಟೋಬರ್ 9

ಬೋಟ್ ಬಂತು, ಬಲೆ ಬರಲಿಲ್ಲ.

ತಳದ ಬಂಡೆಗೆ ಸಿಕ್ಕಿಕೊಂಡಿತಂತೆ. ಎಳೆದರೆ ಬೋಟೇ ವಾಲಿತಂತೆ. ಕತ್ತರಿಸಿ ಅಲ್ಲೇ ಬಿಟ್ಟು ಬಂದಿದ್ದಾರೆ. ಎಲ್ಲಿ ಎಂದು ಕೇಳಿದೆ. ಕಡಲಲ್ಲಿ ಎಂದರು. ಸರಿ, ನಾನು ಅಡುಗೆಮನೆಯಲ್ಲಿ ಎಂದುಕೊಂಡಿದ್ದೆ.

ಹೇಳುವುದಿಲ್ಲ, ಗೊತ್ತು. ಇಲ್ಲಿ ಯಾರೂ ತಮ್ಮ ಬಂಡೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಬಲೆ ಕಳೆದ ಜಾಗ ಹೇಳಿದರೆ ಮೀನು ಸಿಗುವ ಜಾಗವನ್ನೇ ಹೇಳಿಕೊಟ್ಟಂತೆ. ಹೆಂಡತಿಗಂತೂ ಹೇಳಲೇಬಾರದು. ಅವಳಿಗೊಬ್ಬ ತಮ್ಮನಿದ್ದಾನಲ್ಲ.

ಅಕ್ಟೋಬರ್ 17

ತಮ್ಮ ಬಂದಿದ್ದ, ಚೀಲದ ತುಂಬ ಚಿಪ್ಪು. ಸಿಲಿಂಡರ್ ಗಿಲಿಂಡರ್ ಏನೂ ಇಲ್ಲದೆ ಬರೀ ಉಸಿರು ಕಟ್ಟಿ ಮುಳುಗುತ್ತಾನೆ. ಅವನು ಮೇಲೆ ಬರುವ ತನಕ ನೋಡುವವರ ಉಸಿರು ಕಟ್ಟುತ್ತದೆ.

ಹೊಸ ಬಂಡೆ ಸಿಕ್ಕಿದೆಯಂತೆ. ಅದರ ಒಂದು ಮಗ್ಗುಲಲ್ಲಿ ಚಿಪ್ಪು, ಇನ್ನೊಂದು ಮಗ್ಗುಲಲ್ಲಿ ರಾಶಿ ರಾಶಿ ಏಡಿ. ಸತ್ತ ಮೀನು ತಿನ್ನಲು ಮುತ್ತಿಕೊಂಡಿವೆ ಎಂದ. ಅಷ್ಟು ಮೀನು ಯಾಕೆ ಸತ್ತಿವೆ ಎಂದೆ. ಗೊತ್ತಿಲ್ಲ, ಆ ಕಡೆ ನೀರು ರಾಡಿ, ಹೋಗಿಲ್ಲ ಎಂದ. ಎಲ್ಲಿ ಆ ಬಂಡೆ ಎಂದೆ. ನಕ್ಕ. ನೀನು ಬಾವನಿಗೆ ಹೇಳಿಬಿಡುತ್ತೀಯ ಎಂದ. ಇವನೂ ಇವರೂ ಒಂದೇ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು.

ಅಕ್ಟೋಬರ್ 22

ಬೆಳಿಗ್ಗೆ ದಡದಲ್ಲಿ ಜನ. ಸತ್ತ ಆಮೆ. ದೊಡ್ಡದು. ಕುತ್ತಿಗೆ, ಮುಂಗಾಲು — ಎಲ್ಲಾ ಕಡೆ ಬಲೆ ಸುತ್ತಿಕೊಂಡಿದೆ. ಮೀನುಗಾರಿಕೆ ಆಫೀಸಿನ ಹುಡುಗಿ ಫೋಟೋ ತೆಗೆಯುತ್ತಿದ್ದಳು. ಆಮೆಗೂ ನಮ್ಮ ಹಾಗೆ ಗಾಳಿ ಬೇಕಂತೆ. ಮೇಲೆ ಬರಲಾಗದೆ ಉಸಿರುಗಟ್ಟಿ ಸತ್ತಿದೆ ಎಂದಳು.

ಬಗ್ಗಿ ನೋಡಿದೆ. ಗಂಟು ಉಲ್ಟಾ ಕೂತಿದೆ. ಎಲ್ಲವೂ.

ಯಾರ ಬಲೆಯೋ ಎಂದು ಅವಳು ಕೇಳಿದಾಗ ಗುರುತು ಹಿಡಿದವರು ನನ್ನ ಕಡೆ ನೋಡಿದರು, ನಾನು ಮುಖ ತಿರುಗಿಸಿದೆ. ಒಂದು ತುಂಡು ಕತ್ತರಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ನಾಚಿಕೆಯಾಗುತ್ತಿದೆ.

ಸಂಜೆ

ಇವರಿಗೆ ತೋರಿಸಿದೆ. ಒಂದು ಆಮೆಗೋಸ್ಕರ ಬಂಡೆಯನ್ನು ಊರಿಗೆಲ್ಲ ಸಾರಲೇ ಎಂದರು. ಬಲೆ ಅಲ್ಲೇ ಕೊಳೆತುಹೋಗುತ್ತದೆ ಎಂದರು. ಅಮ್ಮನ ಕಾಲದ ಹತ್ತಿ ಬಲೆ ಕೊಳೆಯುತ್ತಿತ್ತು, ಒಪ್ಪಿದೆ. ಇದು ನೈಲಾನ್.

"ನಾವು ಹೋದ್ರೂ ಇದು ಹೋಗಲ್ಲ ಅಂದೋರು ಯಾರು?" ಎಂದೆ.

ಮುಖ ಊದಿಸಿಕೊಂಡು ಹೊರಗೆ ಹೋದರು. ಬಲೆ ಈಗಲೂ ಮೀನು ಹಿಡಿಯುತ್ತಲೇ ಇದೆ, ಎತ್ತುವವರಿಲ್ಲ ಅಷ್ಟೇ.

ಅಕ್ಟೋಬರ್ 24

ತಮ್ಮನ ಕಣಕಾಲಿಗೆ ಗಾಯ. ಕೆಳಗೆ ಏನೋ ಕಾಲಿಗೆ ಸುತ್ತಿಕೊಂಡಿತಂತೆ, ಚಾಕುವಿನಿಂದ ಕೊಯ್ದು ಬಂದನಂತೆ. ಜಾರಿ ಬಿದ್ದಷ್ಟು ಹಗುರವಾಗಿ ಹೇಳುತ್ತಾನೆ. ಚಾಕುವಿನ ಒರೆಯಲ್ಲಿ ಗಂಟಿನ ಸಮೇತ ದಾರದ ತುಂಡು ಸಿಕ್ಕಿಕೊಂಡಿತ್ತು. ಬೆಳಕಿಗೆ ಹಿಡಿದೆ.

ನನ್ನದು.

ಇವರ ಬಂಡೆಯೂ ಅವನ ಬಂಡೆಯೂ ಒಂದೇ. ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದಾರೆ.

ಅಕ್ಟೋಬರ್ 25

ಇಬ್ಬರನ್ನೂ ಎದುರುಬದುರು ಕೂರಿಸಿದೆ. ಆಮೆಯ ಕುತ್ತಿಗೆಗೆ ಸುತ್ತಿದ್ದ ಬಲೆಯ ತುಂಡು, ತಮ್ಮನ ಕಾಲಿಗೆ ಸುತ್ತಿದ್ದ ದಾರದ ತುಂಡು, ಎರಡನ್ನೂ ನಡುವೆ ಇಟ್ಟೆ. ಇವರು ನೋಡಿದರು. ತಮ್ಮನ ಕಾಲು ನೋಡಿದರು. ಮುಖದ ಬಣ್ಣ ಇಳಿಯಿತು.

ತಮ್ಮನದು ಒಂದೇ ಮಾತು: ಆ ಕಡೆ ಇನ್ನು ಹೋಗುವುದಿಲ್ಲ, ಮುಗಿಯಿತಲ್ಲ. ಎಲ್ಲಿ ಮುಗಿಯಿತು? ನೀನು ಹೋಗದಿದ್ದರೆ ಇನ್ನೊಬ್ಬಳ ತಮ್ಮ ಹೋಗುತ್ತಾನೆ. ಮೀನೂ ಸಾಯುತ್ತದೆ, ಅದನ್ನು ತಿನ್ನಲು ಬಂದ ಏಡಿಯೂ ಸಾಯುತ್ತದೆ. ಕೊನೆಗೆ ಬರೀ ಬಂಡೆ ಉಳಿಯುತ್ತದೆ, ಅದನ್ನು ಮುಚ್ಚಿಟ್ಟು ಏನು ಮಾಡುತ್ತೀರಿ ಎಂದು ಕೂಗಾಡಿದೆ. ಆ ಬಲೆ ಮೇಲೆ ಬರುವ ತನಕ ಈ ಮನೆಯಲ್ಲಿ ಇನ್ನೊಂದು ಗಂಟು ಹಾಕುವುದಿಲ್ಲ ಎಂದು ಪಟ್ಟು ಹಿಡಿದೆ.

ಇಬ್ಬರೂ ಒಪ್ಪಿದರು. ಗೆದ್ದೆ ಎಂದುಕೊಂಡೆ. ಆಮೇಲೆ ಹೊಳೆಯಿತು — ಮುಳುಗಿ ಬಿಡಿಸುವವನು ಯಾರು?

ಅಕ್ಟೋಬರ್ 29, ಬೋಟಿನಲ್ಲಿ

ಹಟ ಮಾಡಿ ಬಂದಿದ್ದೇನೆ. ಬೋಟ್ ಅಲುಗದಂತೆ ಹಿಡಿಯುವುದು ಇವರ ಕೆಲಸ. ಹಗ್ಗ ನನ್ನ ಎಡಗೈಯಲ್ಲಿ, ಇನ್ನೊಂದು ತುದಿ ತಮ್ಮನ ಸೊಂಟಕ್ಕೆ. ನಾನೇ ಕಟ್ಟಿದ್ದು. ಅದೇ ಗಂಟು. ಒಂದು ಸಲ ಜಗ್ಗಿದರೆ ಸರಿ ಇದ್ದೇನೆ ಎಂದು. ಎರಡು ಸಲ ಜಗ್ಗಿದರೆ ಸಿಕ್ಕಿಕೊಂಡಿದ್ದೇನೆ, ಎಳೆಯಿರಿ ಎಂದು.

ಬಲಗೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಬಿಸಾಡು ಎಂದು ಇವರು ಬೈದರು.

ಮೇಲೆ ಬಂದ. ಸ್ವಲ್ಪ ಬಿಟ್ಟಿದೆ ಎಂದ. ತುಟಿ ನೀಲಿ. ಕೆಳಗೆ ಗಂಟು ಜಗ್ಗುವುದಿಲ್ಲ ಅಕ್ಕ, ಏನು ಕೈಯೋ ನಿನ್ನದು ಎಂದು ನಕ್ಕ. ಸಾಕು, ಬಾ, ಮನೆಗೆ ಹೋಗೋಣ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಮತ್ತೆ ಇಳಿದ.

ಯಾಕೆ ಪಟ್ಟು ಹಿಡಿದೆನೋ... ಕೆಳಗಿನ ಗಂಟು ಬಿಚ್ಚಲಿ, ಸೊಂಟದ ಗಂಟು ಬಿಚ್ಚದಿರಲಿ. ಎರಡೂ ನನ್ನದೇ. ಯಾರಲ್ಲಿ ಕೇಳಲಿ ಇದನ್ನು?

ಹಗ್ಗ ಸುಮ್ಮನಿದೆ.

ಈ ಸಲ ತುಂಬ ಹೊತ್ತಾಯಿತು. ಇವರು ಎದ್ದು ನಿಂತಿದ್ದಾರೆ, ನೀರನ್ನೇ ನೋಡುತ್ತಾ. "ಬಂಡೆ ಹಾಳಾಗಿಹೋಗ್ಲಿ, ಅವನು ಮೇಲೆ ಬರ್ಲಿ" ಎಂದರು. ನನಗಲ್ಲ. ನೀರಿಗೆ.

ಜಗ್ಗಿತು. ಒಂದು. ಸರಿ ಇದ್ದಾನೆ. ಇದ್ದಾನೆ, ಸರಿ ಇ

ಎರಡು