ಉಸಿರುಜಾಲಿಗೆ ಅಂಟದ ಬಟ್ಟೆ

ರಾಯಚೂರು, ಎರಡನೇ ಮೇ 19, 2317

2026ರ ಹಿರಿಯರಿಗೆ ಹುಲಿಗೆಮ್ಮಳ ನಮಸ್ಕಾರ.

ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಬೇಸಿಗೆ ಮುಗಿಯದ ಕಾರಣ ನಮ್ಮಲ್ಲಿ ಮೇ ತಿಂಗಳು ಎರಡು ಸಲ ಬರುತ್ತದೆ. ಹಗಲಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ನೀವು ಕಟ್ಟಿಸಿದ ದೊಡ್ಡ ಮನೆಯಲ್ಲಿ, ತೇಪೆ ಹಾಕಿ ಹಾಕಿ ಉಳಿಸಿಕೊಂಡ ಒಂದೇ ಏಸಿಯ ಗಾಳಿಯಲ್ಲಿ ಎಲ್ಲ ಕೋಣೆಗಳವರೂ ಬದುಕಿದ್ದೇವೆ. ನಡುಮನೆಯ ಗೋಡೆಯಲ್ಲಿ ಅಗಲವಾದ ಜಾಲರಿ ಇದೆ. ಯಂತ್ರ ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. ಅದಕ್ಕೆ ಉಸಿರುಜಾಲಿ ಎನ್ನುತ್ತೇವೆ. ಮಗು ಹುಟ್ಟಿದಾಗ ಅದರ ಮೊದಲ ಬಟ್ಟೆಯನ್ನು ಆ ಜಾಲಿಗೆ ಹಿಡಿಯುತ್ತೇವೆ. ತಾನಾಗಿ ಅಂಟಿಕೊಂಡರೆ ಮನೆ ಮಗುವನ್ನು ಒಪ್ಪಿಕೊಂಡಿತು ಎಂದರ್ಥ. ಆಮೇಲೆ ಅಲ್ಲೇ, ಹಳೆಯ ಬಟ್ಟೆಗಳ ಮೇಲೆ, ಹೊಲಿದುಬಿಡುತ್ತೇವೆ.

ಇವತ್ತು ಬೆಳಿಗ್ಗೆ ನನ್ನ ತಂಗಿ ಬಸ್ಸಮ್ಮನ ಮಗಳ ಬಟ್ಟೆ ಅಂಟಲಿಲ್ಲ, ಕೆಳಗೆ ಬಿತ್ತು. ಮಧ್ಯಾಹ್ನದೊಳಗೆ ಗಾಳಿಯೂ ನಿಂತಿತು. ಮೋಟಾರಿನ ಸದ್ದಿತ್ತು, ಗಾಳಿ ಇರಲಿಲ್ಲ. ಮನೆಯ ಹಿರಿಯಳು ತಾಯವ್ವ, "ಕೂಸಿನ್ನ ಬ್ಯಾರೆ ಮನಿಗಿ ಕಳಸ್ರಿ" ಎಂದಳು. ಆ ಬಿಸಿಲಲ್ಲಿ ಒಯ್ದರೆ ಕೂಸು ಉಳಿಯುವುದು ಕಷ್ಟ. "ನಾ ಒಯ್ಯಂಗಿಲ್ಲ ಆಯಿ. ಬೇಕಾದ್ರ ನೀನ ಹೋಗು" ಎಂದಳು ಬಸ್ಸಮ್ಮ.

ಯಂತ್ರ ನೋಡಿಕೊಳ್ಳುವ ಹುಸೇನಪ್ಪ ಸ್ವಿಚ್, ಫ್ಯೂಸ್, ಫ್ಯಾನಿನ ಬೆಲ್ಟ್ ಎಲ್ಲ ನೋಡಿದ. ಸರಿಯಾಗಿದ್ದವು. ಪೆಟ್ಟಿಗೆ ತೆರೆದರೆ ಕೊಳವೆಗಳ ಮೇಲೆ ಬಿಳಿ ಕಲ್ಲು ಬೆಳೆದಿತ್ತು. ಮುಟ್ಟಿದವನೇ "ಸುಟ್ತು ಯವ್ವಾ!" ಎಂದು ಕಿರುಚಿ, ಬೆಂಕಿ ಎಂದುಕೊಂಡು ಏಸಿ ಆರಿಸಿದ. ಸ್ವಲ್ಪ ಹೊತ್ತಿಗೆ ಕಲ್ಲು ನೀರಾಗಿ ಹರಿಯಿತು. ನೀವು ಅದನ್ನು ಮಂಜುಗಡ್ಡೆ ಎನ್ನುತ್ತಿದ್ದಿರಂತೆ. ತಂಪು ಮಾಡುವ ಯಂತ್ರವನ್ನು ತಂಪೇ ಕಟ್ಟಿಹಾಕಿತ್ತೇ? ನನಗೆ ಈಗಲೂ ಅರ್ಥವಾಗಿಲ್ಲ.

ಆ ನೀರಲ್ಲಿ ಮನೆಯ ದೋಷ ತೊಳೆಯಬೇಕೆಂದು ತಾಯವ್ವ ಎಲ್ಲ ಬಟ್ಟೆಗಳ ಹೊಲಿಗೆ ಬಿಚ್ಚಿಸಿದಳು. ಜಾಲಿ ಬರಿದಾಗಿದ್ದಾಗ ಹುಸೇನಪ್ಪ ಏಸಿ ಚಾಲು ಮಾಡಿದ. ಗಾಳಿ ಬಂತು. ತೊಳೆದ ಬಟ್ಟೆಗಳನ್ನು ಮತ್ತೆ ಹೊದಿಸಿದೆವು, ಗಾಳಿ ಕುಗ್ಗಿತು. ತೆಗೆದೆವು, ಬಂತು.

ಕೊನೆಗೆ ಬಸ್ಸಮ್ಮ ಮಗಳ ಬಟ್ಟೆಯೊಂದನ್ನೇ ಹಿಡಿದಳು. ಟಪ್ಪನೆ ಅಂಟಿತು. ತಾಯವ್ವ ಕಣ್ಣೊರೆಸಿಕೊಂಡು ಸೂಜಿ ತಂದಳು. ಬಸ್ಸಮ್ಮ ಬಟ್ಟೆ ಕಿತ್ತು, ಕೂಸಿಗೆ ಸುತ್ತಿ, ಗಾಳಿ ಬರುವ ಕಿಂಡಿಯ ಕೆಳಗೆ ಹೋಗಿ ಕುಳಿತಳು.

ನಿಮ್ಮಲ್ಲಿ ಒಂದೇ ಕೋರಿಕೆ. ಜಾಲರಿ ಕೂರಿಸುವಾಗ ಅದರ ಮೇಲೆ ಅಳಿಯದಂತೆ ಕೆತ್ತಿಸಿ: ಇದನ್ನು ಮುಚ್ಚಬೇಡಿ. ತಾಯವ್ವ ಸೂಜಿ ಹಿಡಿದು ಇನ್ನೂ ನಿಂತಿದ್ದಾಳೆ. ನಮ್ಮ ಮಾತನ್ನು ನಂಬುವುದಿಲ್ಲ. ನಿಮ್ಮದನ್ನು ನಂಬುತ್ತಾಳೆ.