ಉಲಾನ್‌ಬಾತರಿನಿಂದ ಓಲಿಂಡಾಳನ್ನು ಕರೆತರುವುದು

ಜನವರಿ 9, ನೈರೋಬಿ

ಬೆಳಿಗ್ಗೆಯಿಂದ ಪ್ಯಾಕಿಂಗ್. ನಮ್ಮ ಸೌತ್ ಸಿ ಬಡಾವಣೆಯ ಸೆಕೆಯಲ್ಲಿ ಫ್ಯಾನ್ ಹಾಕಿಕೊಂಡು ಉಣ್ಣೆ ಸಾಕ್ಸ್ ಮಡಚುವುದು — ನನಗೇ ನಗು. ಇಲ್ಲಿಯ ಜುಲೈ ಚಳಿಗೆ ಹಾಕುವ ಸ್ವೆಟರ್ ಸಾಕು ಎಂದೆ. ಗಂಡ ಫ್ರಾನ್ಸಿಸ್ ಫೋನಿನಲ್ಲಿ ಅಲ್ಲಿಯ ಚಳಿ ತೋರಿಸಿದರು: ಮೈನಸ್ ಮೂವತ್ತನಾಲ್ಕು.

"ಮಾರ್ಸೆಲಿನ್, ನಿನ್ನ ತಂಗಿ ಇರುವುದು ಕಾನ್ವೆಂಟಿನಲ್ಲಾ, ಫ್ರೀಝರಿನಲ್ಲಾ?"

ಮಂಗೋಲಿಯಾಕ್ಕೆ ಹೋದ ಮೇಲೆ ಓಲಿಂಡಾಗೆ ಎರಡು ಸಲ ನ್ಯುಮೋನಿಯಾ. ಅವಳು ಒಪ್ಪಿದರೆ ಮಂಗಳೂರಿಗೆ ವರ್ಗ ಮಾಡುತ್ತೇವೆ ಎಂದಿದ್ದಾರೆ ಮದರ್ ಸುಪೀರಿಯರ್. ಒಪ್ಪಿಸಿಯೇ ಬರುತ್ತೇನೆ. ಅಮ್ಮ ಹೋದ ಮೇಲೆ ಅವಳಿಗೆ ಗದರುವವಳು ನಾನೊಬ್ಬಳೇ.

ಜನವರಿ 12, ಉಲಾನ್‌ಬಾತರ್

ದೇವರೇ, ಎಂಥ ಊರು. ಏರ್‌ಪೋರ್ಟಿನ ಬಾಗಿಲು ದಾಟಿದ್ದೇ ತಡ, ಮೂಗಿನೊಳಗಿನ ಕೂದಲು ಗಟ್ಟಿ. ರೆಪ್ಪೆಗೆ ರೆಪ್ಪೆ ಅಂಟಿತು. ಆದರೂ ಕಾರು ಹತ್ತಲು ಮನಸ್ಸಿಲ್ಲ. ಗಾಳಿಯಲ್ಲೇ ಮಿನುಗುವ ಹಿಮದ ಪುಡಿ. ಬಿಸಿಲಿದೆ, ಬಿಸಿಯಿಲ್ಲ. ದಾರಿಯಲ್ಲಿ ಒಂದು ನದಿ — ಅದರ ಮೇಲೆ ಜನ ಆರಾಮಾಗಿ ನಡೆದು ಹೋಗುತ್ತಿದ್ದಾರೆ. ಬಾಯಿ ಬಿಟ್ಟುಕೊಂಡು ನೋಡಿದೆ.

"ಅಕ್ಕಾ, ಬಾಯಿ ಮುಚ್ಚು. ಹಲ್ಲು ನೋಯ್ತದೆ," ಎಂದಳು ಓಲಿಂಡಾ. ತೆಳ್ಳಗಾಗಿದ್ದಾಳೆ. ಕಾನ್ವೆಂಟಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಂಡಳು.

ಜನವರಿ 13

ಬಿಸಿಲು ಕಂಡಿತೆಂದು ನೈಟಿ ಒಗೆದು ಹೊರಗೆ ಹರವಿದೆ. ಸ್ವಲ್ಪ ಹೊತ್ತಿಗೆ ಹಪ್ಪಳ. ಗೋಡೆಗೆ ಒರಗಿಸಿದರೆ ತಾನಾಗಿ ನಿಂತಿತು. ಓಲಿಂಡಾ ನಕ್ಕೂ ನಕ್ಕೂ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಆಗಲೇ ಹೇಳಿಬಿಟ್ಟೆ — "ಸಾಕು ಮಾರಾಯ್ತಿ, ಊರಿಗೆ ನಡಿ."

"ಇಲ್ಲಿಯವರನ್ನು ಯಾರು ನೋಡ್ತಾರೆ?"

"ನೀನು ಬರುವ ಮೊದಲು ದೇವರು ನೋಡ್ತಿರಲಿಲ್ವಾ?"

ಸೂಪು ಕಲಕುತ್ತಾ ಹೋದಳು. ಸಿಟ್ಟು ಬಂತು. ಹೆದರಿಕೆಯೂ.

ಜನವರಿ 16, ಸಂಜೆ

ಮೂರು ದಿನ ಓಲಿಂಡಾಳ ಮೇಲೆ ಮುನಿಸಿಕೊಂಡೇ ಇದ್ದೆ.

ಇವತ್ತು ಊರಂಚಿನ ಗುಡ್ಡಕ್ಕೆ ಕರೆದುಕೊಂಡು ಹೋದಳು. ದಪ್ಪ ಉಣ್ಣೆ ಹೊದಿಸಿದ ದುಂಡು ಗುಡಾರಗಳು, ಒಂದೊಂದರಿಂದಲೂ ಕಲ್ಲಿದ್ದಲ ಹೊಗೆ. ಒಂದರೊಳಗೆ ಒಲೆಯ ಸುತ್ತ ಮುದುಕಿಯರು, ಮಕ್ಕಳು — ಇವಳ ಸೂಪಿಗೆ ಕಾಯುವವರು. ಊಟವಾಯಿತು. ಜಪಸರ ಮುಗಿಯಿತು. ಆಮೇಲೆ ಮಕ್ಕಳು ಸಾಲಾಗಿ ಬಂದು ಅವಳೆದುರು ಕೈಮುಗಿದರು. "ಬೆಸಾಂವ್."

ಊರಲ್ಲಿ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಜಪಸರ ಆದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಕೇಳುವ ಅದೇ ಮಾತು, ಅದೇ ರಾಗ. ಭೂಮಿಯ ಈ ತುದಿಯಲ್ಲಿ, ಈ ಮಂಜಿನಲ್ಲಿ. ಮೈ ಝುಮ್ಮೆಂದಿತು. ಏನೆಲ್ಲ ಮಾಡಿಟ್ಟಿದ್ದಾಳೆ ನನ್ನ ತಂಗಿ.

ಕೊನೆಗೆ ಅವಳೇ ಬಂದು ನನ್ನೆದುರು ಮೊಣಕಾಲೂರಿದಳು. "ಅಕ್ಕಾ, ಇಲ್ಲೇ ಇರ್ಲಿಕ್ಕೆ ಬೆಸಾಂವ್ ಕೊಡು. ನೀನು ಕೊಡದಿದ್ರೆ ನಿನ್ನ ಜೊತೆಗೇ ಹೊರಡ್ತೇನೆ."

ಕೇಳಿದ ಬೆಸಾಂವ್ ಕೊಡುವುದಿಲ್ಲ ಎನ್ನುವುದು ನಮ್ಮಲ್ಲಿಲ್ಲ. ಗೊತ್ತಿದ್ದೇ ಕೇಳಿದ್ದಾಳೆ, ಕಳ್ಳಿ. ಆದರೂ ಒಮ್ಮೆ ಕೈ ಹಿಂದೆ ಎಳೆದುಕೊಂಡೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದವು.

ಅವಳ ತಲೆಯ ಮೇಲೆ ಕೈ ಇಟ್ಟೆ.

ಜನವರಿ 18, ಏರ್‌ಪೋರ್ಟ್

ಫ್ರಾನ್ಸಿಸ್ ಫೋನ್. "ಒಪ್ಪಿದಳಾ?"

"ಇಲ್ಲ. ನಾನು ಒಪ್ಪಿದೆ."

ಬೋರ್ಡಿಂಗ್ ಕರೆಯುತ್ತಿದ್ದಾರೆ. ಯೇಸುವೇ, ಕೊಟ್ಟದ್ದು ನಾನು, ಕಾಯುವವನು ನೀನು. ಅವಳ ಎದೆಯನ್ನೊಂದು ಕಾಪಾಡು —